ಹೊಲಿಗೆ ಓದಲು ಬಾರದ ನಾವು

ಕಳೆದ ವರ್ಷ ಒಂದು ವಿಚಾರ ಸಂಕಿರಣದಲ್ಲಿ, ಉಡುಪು ಮತ್ತು ಆಧುನಿಕತೆಯ ಬಗೆಗಿನ ಗೋಷ್ಠಿಯಲ್ಲಿ ಕೂತಿದ್ದೆ. ಪ್ರಬಂಧ ಓದಿದ ಮೂವರಲ್ಲಿ ಇಬ್ಬರು ಕೊಕೊ ಶನೆಲ್ ಹೆಸರು ಹೇಳಿದರು. ಅನಾಥಾಶ್ರಮದಲ್ಲಿ ಬೆಳೆದ ಹುಡುಗಿ, ಹೆಣ್ಣಿನ ಸೊಂಟ ಹಿಂಡುತ್ತಿದ್ದ ಕಾರ್ಸೆಟ್ ಕಿತ್ತೆಸೆದವಳು, ಕಪ್ಪು ಬಣ್ಣಕ್ಕೆ ಘನತೆ ತಂದವಳು, ಹೀಗೆ. ಪ್ರಶ್ನೆ ಕೇಳುವ ಸರದಿ ಬಂದಾಗ ನಾನು ಎದ್ದು ನಿಂತು, ಮದ್ಲೆನ್ ವಿಯೊನೆ ಎಂಬಾಕೆಯನ್ನು ಬಿಟ್ಟು ಈ ಕತೆ ಹೇಳುವುದು ಹೇಗೆ ಎಂದು ಕೇಳಿದೆ. ಬಟ್ಟೆಯನ್ನು ಓರೆಯಾಗಿ ಕತ್ತರಿಸುವ ಆಕೆಯ ವಿಧಾನದ ಬಗ್ಗೆ ಎರಡು ಮಾತೂ ಸೇರಿಸಿದೆ. ಅಧ್ಯಕ್ಷತೆ ವಹಿಸಿದ್ದ ಹಿರಿಯ ಮೇಷ್ಟ್ರು ನಕ್ಕು, "ಅದು ಟೈಲರಿಂಗ್ ಆಯ್ತಲ್ಲಮ್ಮಾ, ನಾವಿಲ್ಲಿ ಸಂಸ್ಕೃತಿ ಬಗ್ಗೆ ಮಾತಾಡ್ತಾ ಇದ್ದೀವಿ" ಅಂದರು. ಸಭೆಯೂ ನಕ್ಕಿತು. ನಾನೂ ನಕ್ಕೆ ಅಂತ ಕಾಣುತ್ತೆ. ಊಟದ ಹೊತ್ತಾಗಿತ್ತು.

ಅವತ್ತು ಕೊಡಲಾಗದ ಉತ್ತರವನ್ನು ಈಗ ಕೊಡುತ್ತಿದ್ದೇನೆ.

ವಿಯೊನೆ ಹುಟ್ಟಿದ್ದು 1876ರಲ್ಲಿ, ಫ್ರಾನ್ಸಿನ ಒಂದು ಸಣ್ಣ ಊರಿನಲ್ಲಿ. ಬಡ ಮನೆ. ಅಮ್ಮ ಚಿಕ್ಕಂದಿನಲ್ಲೇ ಬಿಟ್ಟು ಹೋದಳು. ಮಗಳನ್ನು ಸಾಕಿದ್ದು ಅಪ್ಪ. ಓದಿನಲ್ಲಿ ಚುರುಕಾಗಿದ್ದ ಹುಡುಗಿಯನ್ನು 12ರ ಆಸುಪಾಸಿಗೇ ಶಾಲೆ ಬಿಡಿಸಿ ಹೊಲಿಗೆ ಕಲಿಯಲು ಹಾಕಿದರು. 18ಕ್ಕೆ ಮದುವೆ, ಒಂದು ಕೂಸು, ಕೂಸಿನ ಸಾವು, ಗಂಡನಿಂದ ಬೇರೆಯಾದದ್ದು, ಎಲ್ಲವೂ ಕೆಲವೇ ವರ್ಷಗಳಲ್ಲಿ ಮುಗಿಯಿತು. ಆಮೇಲೆ ಲಂಡನ್ನಿಗೆ ಹೋಗಿ ಆಸ್ಪತ್ರೆಯೊಂದರಲ್ಲಿ ಹೊಲಿಗೆಯವಳಾಗಿ, ನಂತರ ಕೇಟ್ ರೈಲಿ ಎಂಬಾಕೆಯ ಉಡುಪಿನ ಮನೆಯಲ್ಲಿ ದುಡಿದಳು. ಪ್ಯಾರಿಸ್ಸಿಗೆ ಮರಳಿ ಕ್ಯಾಲೊ ಸೋದರಿಯರ ಮನೆ ಸೇರಿದಳು. ಅಲ್ಲಿ ಹಿರಿಯಕ್ಕ ಮಾರಿ ಗೆರ್ಬೆರ್ ಕೈಕೆಳಗೆ ಕಲಿತದ್ದನ್ನು ಕೊನೆಯವರೆಗೂ ನೆನೆಯುತ್ತಿದ್ದಳು: ಆಕೆ ಇಲ್ಲದಿದ್ದರೆ ನಾನು ಫೋರ್ಡ್ ಕಾರು ಮಾಡಿಕೊಂಡು ಇರುತ್ತಿದ್ದೆ, ರೋಲ್ಸ್ ರಾಯ್ಸ್ ಮಾಡಲು ಬಂದದ್ದು ಆಕೆಯಿಂದ ಎಂಬರ್ಥದಲ್ಲಿ. ತನ್ನ ಗುರು ಒಬ್ಬ ಹೊಲಿಗೆಯಾಕೆ ಎಂದು ಎದೆ ತಟ್ಟಿ ಹೇಳಿಕೊಂಡ ಮಾತು ಇದು. ನಮ್ಮ ಡಿಸೈನರ್‌ಗಳ ಸಂದರ್ಶನ ಓದಿ ನೋಡಿ, ಅವರಿಗೆ ಸ್ಫೂರ್ತಿ ಹಿಮಾಲಯದಿಂದ ಬರುತ್ತದೆ, ಅಜ್ಜಿಯ ಪೆಟ್ಟಿಗೆಯಿಂದ ಬರುತ್ತದೆ, ಮಾಸ್ಟರ್‌ನಿಂದ ಮಾತ್ರ ಬರುವುದಿಲ್ಲ.

1907ರಲ್ಲಿ ದೂಸೆಯ ಮನೆಗೆ ಬಂದ ವಿಯೊನೆ, ಕಾರ್ಸೆಟ್ ಇಲ್ಲದ ಉಡುಪುಗಳನ್ನು ಬರಿಗಾಲಿನ ಹುಡುಗಿಯರಿಗೆ ತೊಡಿಸಿ ಪ್ರದರ್ಶಿಸಿದಳು. ಅಲ್ಲಿನ ಮಾರಾಟಗಾರ್ತಿಯರಿಗೇ ಅದು ಹಿಡಿಸಲಿಲ್ಲ. 1912ರಲ್ಲಿ ಸ್ವಂತ ಮನೆ ತೆರೆದಳು. ಎರಡೇ ವರ್ಷಕ್ಕೆ ಯುದ್ಧ ಬಂದು ಮುಚ್ಚಿತು. ಯುದ್ಧ ಮುಗಿಯುವ ಹೊತ್ತಿಗೆ ಮತ್ತೆ ತೆರೆದು, 1923ರಲ್ಲಿ ಮೊಂತೇನ್ ರಸ್ತೆಯ ದೊಡ್ಡ ಕಟ್ಟಡಕ್ಕೆ ಹೋದಳು. 1939ರಲ್ಲಿ ಇನ್ನೊಂದು ಯುದ್ಧ, ಮತ್ತೆ ಬೀಗ. ಆಮೇಲೆ ತೆರೆಯಲಿಲ್ಲ. ಸತ್ತದ್ದು 1975ರಲ್ಲಿ, 98ರ ವಯಸ್ಸಿನಲ್ಲಿ.

ಕಾರ್ಸೆಟ್ ಕಿತ್ತವರು ಯಾರು ಎನ್ನುವ ಜಗಳದಲ್ಲಿ ನನಗೆ ಹೆಚ್ಚು ಆಸಕ್ತಿ ಇಲ್ಲ. ಪಾಲ್ ಪ್ವಾರೆ ನಾನೇ ಅಂದ. ವಿಯೊನೆ ನಾನೇ ಅಂದಳು. ಶನೆಲ್ ಪರವಾಗಿ ಜಗತ್ತೇ ಹೇಳುತ್ತದೆ. ಕಾರ್ಸೆಟ್ ತೆಗೆಯುವುದು ಕಷ್ಟದ ಕೆಲಸವಲ್ಲ, ಹಗ್ಗ ಬಿಚ್ಚಿದರೆ ಸಾಕು. ತೆಗೆದ ಮೇಲೆ ಬಟ್ಟೆ ಮೈಮೇಲೆ ನಿಲ್ಲುವುದು ಹೇಗೆ ಎನ್ನುವುದು ಕಷ್ಟ. ಶನೆಲ್ ಅದಕ್ಕೆ ಜೆರ್ಸಿ ಹುಡುಕಿದಳು, ಅಂದರೆ ತಾನೇ ಜಗ್ಗುವ ಹೆಣಿಗೆ ಬಟ್ಟೆ. ಅದು ಜಾಣತನ, ಒಪ್ಪೋಣ. ವಿಯೊನೆ ಜಗ್ಗದ ನೇಯ್ಗೆ ಬಟ್ಟೆಯನ್ನೇ ಜಗ್ಗುವಂತೆ ಮಾಡಿದಳು. ಸಂಸ್ಕೃತಿಯವರು ಸ್ವಲ್ಪ ತಾಳ್ಮೆಯಿಂದ ಕೇಳಬೇಕಾದ್ದು ಇದನ್ನೇ.

ಬಟ್ಟೆ ಅಂದರೆ ಹಾಸು ಮತ್ತು ಹೊಕ್ಕು. ಮಗ್ಗದ ಉದ್ದಕ್ಕೆ ಬಿಗಿದ ನೂಲು ಹಾಸು, ಲಾಳಿಯ ಜೊತೆ ಅಡ್ಡಕ್ಕೆ ಓಡುವ ನೂಲು ಹೊಕ್ಕು. ಜಾತಿ ನಮ್ಮ ಸಮಾಜದಲ್ಲಿ ಹಾಸುಹೊಕ್ಕಾಗಿದೆ, ಭ್ರಷ್ಟಾಚಾರ ಹಾಸುಹೊಕ್ಕಾಗಿದೆ ಎಂದು ದಿನಕ್ಕೆ ನಾಲ್ಕು ಸಲ ಬರೆಯುವ ನಮ್ಮಲ್ಲಿ ಎಷ್ಟು ಜನ ತೊಟ್ಟ ಅಂಗಿಯಲ್ಲಿ ಹಾಸು ಯಾವ ಕಡೆಗಿದೆ ಎಂದು ತೋರಿಸಬಲ್ಲರೋ ಗೊತ್ತಿಲ್ಲ. ಇರಲಿ, ಒಂದು ಹತ್ತಿಯ ಕರ್ಚೀಫ್ ತೆಗೆದುಕೊಳ್ಳಿ. ಅಂಚಿನ ಉದ್ದಕ್ಕೆ ಎಳೆದರೆ ಜಗ್ಗುವುದಿಲ್ಲ. ಅಡ್ಡಕ್ಕೆ ಎಳೆದರೂ ಹೆಚ್ಚೇನೂ ಇಲ್ಲ. ಈಗ ಎದುರುಬದುರಿನ ಎರಡು ಮೂಲೆ ಹಿಡಿದು ಎಳೆಯಿರಿ. ನೂಲುಗಳ ನಡುವಿನ ಚೌಕಗಳು ವಾಲಿಕೊಂಡು ಬಟ್ಟೆ ಉದ್ದವಾಗುತ್ತದೆ, ನಡುವೆ ಸಣ್ಣಗಾಗುತ್ತದೆ. ಬಿಟ್ಟರೆ ಬಹುಪಾಲು ಹಿಂದಕ್ಕೆ ಬರುತ್ತದೆ. ಆ 45 ಡಿಗ್ರಿಯ ಓರೆಯೇ ನಮ್ಮ ಟೈಲರ್‌ಗಳು ಕ್ರಾಸ್ ಅನ್ನುವುದು.

ಓರೆ ಕತ್ತರಿಯನ್ನು ವಿಯೊನೆ ಕಂಡುಹಿಡಿಯಲಿಲ್ಲ. ಕಾಲರಿಗೆ, ಅಂಚಿನ ಪಟ್ಟಿಗೆ ಅದನ್ನು ಮೊದಲಿನಿಂದಲೂ ಬಳಸುತ್ತಿದ್ದರು. ಇಡೀ ಉಡುಪನ್ನೇ ಓರೆಯಲ್ಲಿ ಯೋಚಿಸಿದ್ದು ಆಕೆಯ ಹೆಚ್ಚುಗಾರಿಕೆ. ನಾಲ್ಕು ಚೌಕ ತುಂಡುಗಳನ್ನು ಮೂಲೆಯಿಂದ ನೇತುಹಾಕಿದ ಹಾಗೆ ಜೋಡಿಸಿ ಒಂದು ಇಡೀ ಉಡುಪು ಮಾಡಿದಳು. ನೆಲದ ಮೇಲೆ ಹರವಿದರೆ ಅದು ಕರ್ಚೀಫುಗಳ ಗುಂಪು, ಮೈಮೇಲೆ ಬಂದರೆ ನೀರಿನ ಹಾಗೆ ಇಳಿಯುತ್ತದೆ. ಕೆಲವು ಉಡುಪುಗಳಿಗೆ ಗುಂಡಿಯೂ ಇಲ್ಲ, ಹುಕ್ಕೂ ಇಲ್ಲ, ತಲೆಯ ಮೇಲಿಂದ ಹಾಕಿಕೊಂಡರೆ ಆಯಿತು. ಅಷ್ಟು ಸರಳವಾಗಿ ಕಾಣಲು ಎಷ್ಟು ಕಾಟ ಬೇಕು ಎನ್ನುವುದು ಕ್ರಾಸ್ ಹೊಲಿದವರಿಗೆ ಮಾತ್ರ ಗೊತ್ತು. ಓರೆ ಬಟ್ಟೆ ತನ್ನ ಭಾರಕ್ಕೆ ತಾನೇ ಜೋಲುತ್ತದೆ, ಅದೂ ಎಲ್ಲ ಕಡೆ ಒಂದೇ ಸಮ ಅಲ್ಲ. ನೇತುಹಾಕಿ, ಇಳಿಯುವಷ್ಟು ಇಳಿಯಲು ಬಿಟ್ಟು, ಆಮೇಲೆ ಅಂಚು ಮಡಿಸಬೇಕು. ಹೊಲಿಗೆ ಬಿಗಿಯಾದರೆ ಬಟ್ಟೆ ಸುಕ್ಕು ಹಿಡಿಯುತ್ತದೆ, ಸಡಿಲವಾದರೆ ಬಾಯಿ ಬಿಡುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಓರೆಯಲ್ಲಿ ದೊಡ್ಡ ತುಂಡು ಬೇಕೆಂದರೆ ಅಗಲವಾದ ಬಟ್ಟೆ ಬೇಕು. ಮಾಮೂಲಿ ಅಗಲ ಸಾಲದೆ ಆಕೆ ರೇಷ್ಮೆ ನೇಯಿಸುವ ಬಿಯಾಂಕಿನಿ-ಫೆರಿಯೇ ಕಂಪನಿಯಿಂದ ಬಹಳ ಹೆಚ್ಚು ಅಗಲದ ಕ್ರೇಪ್ ಮಾಡಿಸಿಕೊಂಡಳು. ಕತ್ತರಿ ಹಿಡಿದವಳು ಹೇಳಿದ್ದಕ್ಕೆ ಮಗ್ಗ ಬದಲಾಯಿತು.

ಆಕೆ ಚಿತ್ರ ಬರೆದು ವಿನ್ಯಾಸ ಮಾಡಲಿಲ್ಲ. ಮನುಷ್ಯರ ಅರ್ಧದಷ್ಟು ಎತ್ತರದ ಒಂದು ಮರದ ಬೊಂಬೆಯನ್ನು ಪಿಯಾನೊ ಸ್ಟೂಲಿನ ಮೇಲೆ ಕೂರಿಸಿ, ತಿರುಗಿಸುತ್ತ, ಬಟ್ಟೆ ಹೊದಿಸುತ್ತ, ಪಿನ್ನು ಚುಚ್ಚುತ್ತ ಯೋಚಿಸಿದಳು. ಚಪ್ಪಟೆಯಾದದ್ದನ್ನು ಗುಂಡಗಿನ ಮೇಲೆ ಕೂರಿಸುವ ಸಮಸ್ಯೆ ಇದು. ಗಣಿತದ ಪುಸ್ತಕದಲ್ಲಿ ಬರೆದರೆ ಜ್ಞಾನ, ಬಟ್ಟೆಯ ಮೇಲೆ ಮಾಡಿದರೆ ಟೈಲರಿಂಗ್.

ಹಾಗಾದರೆ ಶನೆಲ್ ಎಲ್ಲರಿಗೂ ಗೊತ್ತು, ವಿಯೊನೆ ಯಾಕೆ ಗೊತ್ತಿಲ್ಲ? ಸಂಕಿರಣದಲ್ಲಿ ಇದೇ ಪ್ರಶ್ನೆಗೆ ಪಕ್ಕದಲ್ಲಿದ್ದ ಗೆಳತಿಯೊಬ್ಬಳು, "ಶನೆಲ್ ಸೆಂಟು ಮಾರಿದಳು, ಅದಕ್ಕೆ" ಅಂದಳು. ಅರ್ಧ ಸರಿ. 1921ರಿಂದ ಇಂದಿನವರೆಗೆ ಆ ಸೀಸೆ ಅಂಗಡಿಯಲ್ಲಿದೆ. ಶನೆಲ್ ಬಟ್ಟೆಯ ಮನೆ ಮುಚ್ಚಿದ್ದ ವರ್ಷಗಳಲ್ಲೂ ಇತ್ತು. ವಿಯೊನೆಯೂ ಸೆಂಟು ಮಾಡಿದಳು, ಅದು ನಿಲ್ಲಲಿಲ್ಲ. ಆದರೆ ಇನ್ನರ್ಧ ಕಾರಣ ನಮ್ಮ ಹತ್ತಿರ ಇದೆ. ಶನೆಲ್‌ಳನ್ನು ಕತೆಯಾಗಿ ಹೇಳಬಹುದು: ಪ್ರೇಮಿಗಳು, ಮುತ್ತಿನ ಸರ, ಚುರುಕಾದ ಮಾತು, ಫೋಟೊಗಳು. ವಿಯೊನೆ ಮನೆ ಬಿಟ್ಟು ಹೊರಗೆ ಹೆಚ್ಚು ಕಾಣಿಸಿಕೊಳ್ಳದ ಗುಂಡನೆಯ ಹೆಂಗಸು. ಆಕೆಯ ಬಗ್ಗೆ ಬರೆಯಬೇಕೆಂದರೆ ಬಟ್ಟೆಯ ಒಳಮೈ ತಿರುಗಿಸಿ ನೋಡಬೇಕು. ನಮಗೆ ಅದು ಬರುವುದಿಲ್ಲ. ಬಾರದ್ದನ್ನು ಮುಖ್ಯವಲ್ಲ ಅಂದುಬಿಡುವುದು ವಿದ್ವತ್ತಿನ ಹಳೆಯ ಚಾಳಿ.

ಪದವನ್ನೇ ನೋಡಿ. ಓತ್ ಕುತೂರ್ ಎಂಬ ಫ್ರೆಂಚ್ ಮಾತನ್ನು ನಾವು ಹೈ ಫ್ಯಾಷನ್ ಎಂದು ತಿಳಿದಿದ್ದೇವೆ. ಕುತೂರ್ ಅಂದರೆ ಹೊಲಿಗೆ. ಮೇಲ್ಮಟ್ಟದ ಹೊಲಿಗೆ, ಅಷ್ಟೇ. 1675ರಲ್ಲಿ ಪ್ಯಾರಿಸ್ಸಿನ ಹೊಲಿಗೆಯ ಹೆಂಗಸರು ದರ್ಜಿಗಳ ಸಂಘದ ಹಿಡಿತ ತಪ್ಪಿಸಿಕೊಂಡು ತಮ್ಮದೇ ಸಂಘಕ್ಕೆ ರಾಜನ ಒಪ್ಪಿಗೆ ಪಡೆದರು. ಆದರೂ ಕುತೂರಿನ 'ಪಿತಾಮಹ' ಎಂದು ಪುಸ್ತಕಗಳು ಹೇಳುವುದು 19ನೇ ಶತಮಾನದಲ್ಲಿ ಇಂಗ್ಲೆಂಡಿನಿಂದ ಬಂದು ಉಡುಪಿಗೆ ತನ್ನ ಹೆಸರಿನ ಪಟ್ಟಿ ಹೊಲಿಸಿದ ಚಾರ್ಲ್ಸ್ ಫ್ರೆಡರಿಕ್ ವರ್ತ್ ಎಂಬ ಗಂಡಸನ್ನು. ಹೆಸರಿನ ಪಟ್ಟಿ ಬಂದ ದಿನ ಕಲೆ ಹುಟ್ಟಿತು, ಅದಕ್ಕೆ ಮೊದಲು ಬರೀ ಹೆಂಗಸರು ಹೊಲಿಯುತ್ತಿದ್ದರು ಅನ್ನುವ ಲೆಕ್ಕ.

ನಮ್ಮಲ್ಲೂ ಲೆಕ್ಕ ಬೇರೆಯಲ್ಲ. ಸೀರೆಯ ಬಗ್ಗೆ, ರವಿಕೆಯ ಬಗ್ಗೆ, ಖಾದಿಯ ಬಗ್ಗೆ, ಸಮವಸ್ತ್ರದ ಬಗ್ಗೆ ಕನ್ನಡದಲ್ಲಿ ಒಳ್ಳೆಯ ಬರಹಗಳಿವೆ. ನಾನೂ ಅವುಗಳನ್ನು ಓದಿಯೇ ಈ ದಾರಿಗೆ ಬಂದವಳು. ಆದರೆ ಅವುಗಳಲ್ಲಿ ಬಟ್ಟೆ ಯಾವಾಗಲೂ ಇನ್ನೇನನ್ನೋ ಸೂಚಿಸುತ್ತಿರುತ್ತದೆ: ಮಾನ, ಜಾತಿ, ವಸಾಹತು, ರಾಷ್ಟ್ರ. ಗುಳೇದಗುಡ್ಡದ ಖಣದ ಮೇಲಿನ ಲೇಖನದಲ್ಲಿ ನೇಕಾರ ಸಿಗುತ್ತಾನೆ, ಉಡಿ ತುಂಬುವ ಶಾಸ್ತ್ರ ಸಿಗುತ್ತದೆ. ಆ ಖಣವನ್ನು ಕುಪ್ಪಸ ಮಾಡಿದ ಕೈ ಸಿಗುವುದಿಲ್ಲ. ಸೂಜಿಕಾಯಕದ ರಾಮಿತಂದೆ ಎಂಬ ಶರಣ ತನ್ನ ಹೆಸರಿನ ಮುಂದೆಯೇ ಸೂಜಿ ಇಟ್ಟುಕೊಂಡಿದ್ದ ಭಾಷೆ ಇದು. ಆ ಭಾಷೆಯಲ್ಲಿ ಒಬ್ಬ ಪಿಎಚ್‌ಡಿ ವಿದ್ಯಾರ್ಥಿನಿ ಕತ್ತರಿಯ ಬಗ್ಗೆ ಅಧ್ಯಾಯ ಬರೆದರೆ, 'ಇದರಲ್ಲಿ ಥಿಯರಿ ಎಲ್ಲಿದೆ' ಎಂದು ಅಂಚಿನಲ್ಲಿ ಕೆಂಪು ಶಾಯಿ ಬೀಳುತ್ತದೆ. ಬಿದ್ದಿದೆ.

ಇಲ್ಲಿಗೆ ನಿಲ್ಲಿಸಿ ವಿಯೊನೆಗೆ ಆರತಿ ಎತ್ತಿದರೆ ನಾನೂ ಶನೆಲ್ ಭಕ್ತರ ಕೆಲಸವನ್ನೇ ಮಾಡಿದ ಹಾಗೆ. ಆಕೆಯ ಹೆಬ್ಬೆಟ್ಟಿನ ವಿಷಯ ಹೇಳಲೇಬೇಕು.

ವಿಯೊನೆಯ ಉಡುಪುಗಳನ್ನು ಎಲ್ಲರೂ ಕದಿಯುತ್ತಿದ್ದರು. ಕಳ್ಳರ ವಿರುದ್ಧ ಆಕೆ ಕೋರ್ಟಿಗೆ ಹೋದಳು, ಗೆದ್ದಳು. ಪ್ರತಿ ಮಾದರಿಗೂ ಕನ್ನಡಿಯ ಮುಂದೆ ನಿಲ್ಲಿಸಿ ಎದುರು, ಪಕ್ಕ, ಹಿಂದು ಎಲ್ಲ ಕಾಣುವಂತೆ ಫೋಟೊ ತೆಗೆಸಿ ಆಲ್ಬಮ್ ಮಾಡಿಸಿದಳು. ಉಡುಪಿನ ಒಳಗಿನ ಪಟ್ಟಿಯಲ್ಲಿ ತನ್ನ ಸಹಿಯ ಜೊತೆಗೆ ಬಲಗೈ ಹೆಬ್ಬೆಟ್ಟಿನ ಗುರುತು ಒತ್ತಿದಳು. ನಮ್ಮ ಭಾಷೆಯಲ್ಲಿ ಹೆಬ್ಬೆಟ್ಟು ಅಂದರೆ ಬೈಗುಳ, ಓದು ಬಾರದವರಿಗೆ ಹೇಳುವ ಮಾತು. ಅರ್ಧಕ್ಕೆ ಶಾಲೆ ಬಿಟ್ಟ ಹೊಲಿಗೆಯವಳು ಅದೇ ಹೆಬ್ಬೆಟ್ಟನ್ನು ಕರ್ತೃತ್ವದ ಗುರುತು ಮಾಡಿದಳು ಎಂದು ಮೊದಲು ಓದಿದಾಗ ನನಗೆ ರೋಮಾಂಚನವಾಗಿತ್ತು. ಅದನ್ನೇ ಅಧ್ಯಾಯದ ಆರಂಭ ಮಾಡಿಕೊಂಡಿದ್ದೆ.

ಆಮೇಲೆ ಒಂದು ಸಣ್ಣ ಲೆಕ್ಕ ಕಾಡತೊಡಗಿತು. ಮೊಂತೇನ್ ರಸ್ತೆಯ ಆ ಮನೆಯಲ್ಲಿ ಸಾವಿರಕ್ಕೂ ಹೆಚ್ಚು ಜನ ದುಡಿಯುತ್ತಿದ್ದರು. ಹೆಬ್ಬೆಟ್ಟು ಒಂದೇ. ಬೊಂಬೆಯ ಮೇಲೆ ಹುಟ್ಟಿದ ಯೋಚನೆ ಆಕೆಯದು, ಸರಿ. ಆದರೆ ಓರೆ ಬಟ್ಟೆ ಸುಕ್ಕದ ಹಾಗೆ ಹೊಲಿದ ಬೆರಳು ಆಕೆಯದಲ್ಲ. ನಕಲು ಮಾಡಿ ಮಾರಿದ ಸಣ್ಣ ಅಂಗಡಿಗಳಲ್ಲೂ ಹೊಲಿಗೆಯ ಹೆಂಗಸರೇ ಇದ್ದರು, ಕೊಳ್ಳುವವರು ಮೂಲವನ್ನು ಕನಸಿನಲ್ಲೂ ಕೊಳ್ಳಲಾಗದವರು. ಕಲ್ಪನೆಯ ಕಳ್ಳತನ ಎಂದು ಕೋರ್ಟು ಹೇಳಿದ್ದನ್ನು ಆ ಹೆಂಗಸರು ಏನೆಂದು ಕರೆಯುತ್ತಿದ್ದರು? ಇನ್ನೊಬ್ಬರ ಮಾದರಿ ನೋಡಿ ಹೊಲಿಯದೆ ಯಾವ ದರ್ಜಿಯೂ ಕೆಲಸ ಕಲಿಯುವುದಿಲ್ಲ.

ಹಾಗಂತ ಆಕೆಯನ್ನು ಉಳಿದ ಮಾಲೀಕರ ಸಾಲಿಗೆ ಸೇರಿಸಿ ಕೈ ತೊಳೆದುಕೊಳ್ಳುವುದೂ ಸುಲಭದ ದಾರಿ. ಆ ಕಟ್ಟಡದಲ್ಲಿ ಊಟದ ಮನೆ ಇತ್ತು, ವೈದ್ಯರಿದ್ದರು, ಹಲ್ಲಿನ ಡಾಕ್ಟರಿದ್ದರು. ಸಂಬಳ ಸಹಿತ ರಜೆ ಇತ್ತು, ಬಸುರಿ ಬಾಣಂತಿಯರಿಗೆ ನೆರವಿತ್ತು. ಫ್ರಾನ್ಸಿನ ಕಾನೂನು ಎಲ್ಲ ಕಾರ್ಮಿಕರಿಗೂ ವರ್ಷಕ್ಕೆ ಎರಡು ವಾರದ ಸಂಬಳದ ರಜೆ ಕೊಟ್ಟದ್ದು 1936ರಲ್ಲಿ. ಕುರ್ಚಿಯ ವಿಷಯ ನನಗೆ ಎಲ್ಲಕ್ಕಿಂತ ಇಷ್ಟ: ಹೊಲಿಗೆಯ ಹುಡುಗಿಯರಿಗೆ ಸ್ಟೂಲು ಹಾಕುತ್ತಿದ್ದ ಕಾಲದಲ್ಲಿ ಆಕೆ ಬೆನ್ನು ಒರಗುವ ಕುರ್ಚಿ ಹಾಕಿಸಿದಳು. 12ನೇ ವಯಸ್ಸಿನಿಂದ ಬೆನ್ನು ಬಗ್ಗಿಸಿ ಕೂತವಳಿಗೆ ಮಾತ್ರ ಹೊಳೆಯುವ ಯೋಚನೆ ಅದು.

ಅದೇ 1936ರ ಜೂನಿನ ಮುಷ್ಕರಗಳಲ್ಲಿ ಕಾಂಬೊನ್ ರಸ್ತೆಯ ಶನೆಲ್ ಮನೆಯ ಕೆಲಸಗಾರ್ತಿಯರು ಮಾಲೀಕಳನ್ನೇ ಒಳಗೆ ಬಿಡಲಿಲ್ಲ. ಮೂರು ವರ್ಷದ ಮೇಲೆ ಯುದ್ಧ ಬಂದಾಗ ಶನೆಲ್ ಬಟ್ಟೆಯ ಮನೆ ಮುಚ್ಚಿದಳು, ಸಾವಿರಾರು ಹೆಂಗಸರ ಕೆಲಸ ಹೋಯಿತು, ಸೆಂಟಿನ ವ್ಯಾಪಾರ ಮುಂದುವರಿಯಿತು. ಆ ಸೆಂಟಿನ ಕಂಪನಿಯನ್ನು ಯಹೂದಿ ಪಾಲುದಾರರ ಕೈಯಿಂದ ಕಿತ್ತುಕೊಳ್ಳಲು ನಾತ್ಸಿಗಳ ಕಾಲದ ಜನಾಂಗೀಯ ಕಾನೂನನ್ನು ಬಳಸಹೊರಟದ್ದೂ ಆಕೆಯೇ. ಹೆಣ್ಣಿನ ಬಿಡುಗಡೆಯ ಪ್ರಬಂಧಗಳಲ್ಲಿ ಈ ಹೆಣ್ಣುಗಳು ಯಾಕೆ ಬರುವುದಿಲ್ಲ ಎನ್ನುವುದು ನನ್ನ ತಕರಾರು. ವಿಯೊನೆ ಮುಚ್ಚಿದಾಗಲೂ ಕೆಲಸ ಹೋಯಿತು, ಅದನ್ನು ಮರೆಮಾಚುವುದಿಲ್ಲ. ಆದರೆ ಕೊಳ್ಳುವವಳ ಸೊಂಟ ಬಿಡಿಸಿದವರ ಪಟ್ಟಿ ಮಾಡುವಾಗ ಹೊಲಿಯುವವಳ ಬೆನ್ನು ನೆನೆದವರು ಯಾರು ಎಂದೂ ಒಂದು ಸಲ ಕೇಳಬೇಡವೇ? ಪ್ರಶ್ನೆ ಬರೀ ಪ್ಯಾರಿಸ್ಸಿನದಲ್ಲ. ಹೊರದೇಶದ ಬ್ರಾಂಡುಗಳಿಗೆ ಬಟ್ಟೆ ಹೊಲಿಯುವ ಊರು ಬೆಂಗಳೂರು. 2016ರ ಏಪ್ರಿಲ್‌ನಲ್ಲಿ ಪಿಎಫ್ ಹಣ ತೆಗೆಯುವುದಕ್ಕೆ ಹಾಕಿದ ಹೊಸ ನಿಯಮದ ವಿರುದ್ಧ ಇಲ್ಲಿನ ಗಾರ್ಮೆಂಟ್ಸ್ ಹೆಂಗಸರು ಬೀದಿಗಿಳಿದು, ಕೇಂದ್ರ ಸರ್ಕಾರವೇ ಅದನ್ನು ವಾಪಸ್ ಪಡೆಯಿತು. ಉಡುಪು ಮತ್ತು ಆಧುನಿಕತೆಯ ಗೋಷ್ಠಿಯಲ್ಲಿ ಅದರ ಸುದ್ದಿಯೇ ಇರಲಿಲ್ಲ.

ಇನ್ನು ಪ್ರಭಾವದ ಮಾತು. ಮೂವತ್ತರ ದಶಕದ ಹಾಲಿವುಡ್ ಸಿನಿಮಾಗಳಲ್ಲಿ ಮೈಗೆ ಹರಿದಂತೆ ಕೂರುವ ಸ್ಯಾಟಿನ್ ಗೌನುಗಳು, ಜಾನ್ ಗಲಿಯಾನೊನ ತೊಂಬತ್ತರ ದಶಕದ ಉಡುಪುಗಳು, ಇಸ್ಸೆ ಮಿಯಾಕೆಯ ಬಟ್ಟೆ ಚಿಂತನೆ, ಇವೆಲ್ಲ ಆಕೆಯ ಕತ್ತರಿಯ ಋಣದಲ್ಲಿವೆ. ಅಜ಼ದೀನ್ ಅಲಾಯಾ ಆಕೆಯ ಉಡುಪುಗಳನ್ನು ಹುಡುಕಿ ಹುಡುಕಿ ಸಂಗ್ರಹಿಸಿದ. ಆದರೆ ಈ ಪಟ್ಟಿಗಿಂತ ನನಗೆ ದೊಡ್ಡದು ಬೆಟ್ಟಿ ಕರ್ಕ್ ಮಾಡಿದ ಕೆಲಸ. 1952ರಲ್ಲಿ ವಿಯೊನೆ ತನ್ನ ನೂರಕ್ಕೂ ಹೆಚ್ಚು ಉಡುಪು ಮತ್ತು 75 ಆಲ್ಬಮ್‌ಗಳನ್ನು ಪ್ಯಾರಿಸ್ಸಿನಲ್ಲಿ ದಾನ ಕೊಟ್ಟಳು. ಅವುಗಳನ್ನು ಹೇಗೆ ಕತ್ತರಿಸಿದ್ದು ಎನ್ನುವುದು ಫೋಟೊ ನೋಡಿದರೆ ತಿಳಿಯುವಂಥದ್ದಲ್ಲ. ಕರ್ಕ್ ನ್ಯೂಯಾರ್ಕಿನಲ್ಲಿ ಹಳೆಯ ಉಡುಪುಗಳನ್ನು ದುರಸ್ತಿ ಮಾಡಿ ಕಾಪಾಡುವ ಕೆಲಸದಲ್ಲಿದ್ದಾಕೆ. ವಿಯೊನೆಯ ಉಡುಪುಗಳನ್ನು ಅಳೆದು, ಹಾಸುಹೊಕ್ಕು ಗುರುತಿಸಿ, ಪ್ಯಾಟರ್ನ್‌ಗಳನ್ನು ಮತ್ತೆ ಬರೆದಳು. ಆ ಪುಸ್ತಕ 1991ರಲ್ಲಿ ಮೊದಲು ಜಪಾನಿನಲ್ಲಿ ಬಂತು, 1998ರಲ್ಲಿ ಇಂಗ್ಲಿಷಿನಲ್ಲಿ. ದೊಡ್ಡ ದೊಡ್ಡ ಸಿದ್ಧಾಂತಿಗಳು ಫ್ಯಾಷನ್ ಬಗ್ಗೆ ಬರೆದು ಮುಗಿಸಿದ ಮೇಲೂ ಯಾರಿಗೂ ಗೊತ್ತಿರದ ಸಂಗತಿಯನ್ನು ಸೂಜಿ ಹಿಡಿದು ಗೊತ್ತಿದ್ದವಳು ಓದಿ ಹೇಳಿದಳು. ಟೈಲರಿಂಗ್ ಆಯ್ತಲ್ಲಮ್ಮಾ ಎಂದ ಮೇಷ್ಟ್ರಿಗೆ ನಾನು ತೋರಿಸಬೇಕಿದ್ದದ್ದು ಈ ಪುಸ್ತಕವನ್ನು.

ಅವರಿಗೆ ತೋರಿಸಲಿಲ್ಲ. ನಮ್ಮ ಬೀದಿಯಲ್ಲಿ ಬ್ಲೌಸ್ ಹೊಲಿಯುವ ಅಕ್ಕನಿಗೆ ತೋರಿಸಿದೆ. ಕ್ರಾಸ್ ಬ್ಲೌಸ್ ಬೇಕೆಂದು ಯಾರಾದರೂ ಕೇಳಿದರೆ, "ಎಂಬತ್ತು ಪಾಯಿಂಟ್ ಸಾಲಲ್ಲ, ಒಂದು ಮೀಟರ್ ತಗೊಂಬಾ" ಎಂದು ವಾಪಸ್ ಕಳಿಸುವವರು ಅವರು. ಫೋನಿನಲ್ಲಿದ್ದ ಒಂದು ಪ್ಯಾಟರ್ನ್ ಹಿಗ್ಗಿಸಿ ಮುಂದಿಟ್ಟೆ. ಕನ್ನಡಕ ಹಾಕಿಕೊಂಡು ನೋಡಿದರು. ಫೋನನ್ನೇ ಓರೆಯಾಗಿ ತಿರುಗಿಸಿ ಮತ್ತೆ ನೋಡಿದರು.

"ಸೈಡ್ ಜಾಯಿಂಟೇ ಇಲ್ವಲ್ಲೇ ಇದಕ್ಕೆ."

ಇಲ್ಲ ಅಂದೆ. ಹಳೆಯ ದಿನಪತ್ರಿಕೆಯ ಹಾಳೆಯೊಂದನ್ನು ಎಳೆದುಕೊಂಡು, ಮೂಲೆಗೆ ಮೂಲೆ ಸೇರಿಸಿ ಮಡಚಿ, ಎರಡು ಕಡೆ ಕತ್ತರಿ ಹಾಕಿದರು. ಬಿಡಿಸಿ ನೋಡಿ, ತಲೆ ಅಲ್ಲಾಡಿಸಿ, ಇನ್ನೊಂದು ಹಾಳೆ ತೆಗೆದುಕೊಂಡರು. ಬಾಗಿಲಲ್ಲಿ ಫಾಲ್ಸ್ ಹಾಕಿಸಲು ಬಂದ ಹುಡುಗಿ ನಿಂತಿದ್ದಳು. ಅವಳಿಗೆ ಕೂತ್ಕೋ ಎಂದು ಕೈಸನ್ನೆ ಮಾಡಿ, ನನ್ನ ಕಡೆ ತಿರುಗಿ ಕೇಳಿದರು:

"ಅದೆಲ್ಲ ಸರಿ, ಆ ಯಮ್ಮಂಗೆ ಇಷ್ಟು ಪನ್ನದ ಬಟ್ಟೆ ಎಲ್ಲಿ ಸಿಕ್ತು?"